ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ಎತ್ತುತ್ತಿಲ್ಲ: ಕಾಯಿಲ್ ಹೋಗಿದೆಯಾ, ರೆಗ್ಯುಲೇಟರ್ ಹೋಗಿದೆಯಾ?

ಹಳೇಟ್ವಿನ್

ಎಲ್ಲರಿಗೂ ನಮಸ್ಕಾರ. ನನ್ನದು ತೊಂಬತ್ತರ ದಶಕದ ಎರಡು ಸಿಲಿಂಡರ್ ಗಾಡಿ. ಕಾರ್ಬ್ಯುರೇಟರ್, 12 ವೋಲ್ಟ್, ಸ್ಟೇಟರ್‌ನಿಂದ (ಎಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್) ಮೂರು ಹಳದಿ ವೈರ್ ಬರುತ್ತವೆ, ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್ ಮತ್ತು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಒಂದೇ ಡಬ್ಬಿಯಲ್ಲಿವೆ.

ಬ್ಯಾಟರಿ ಹೊಸದು. ಹೊರಗಿನ ಚಾರ್ಜರ್‌ನಲ್ಲಿ ರಾತ್ರಿಯಿಡೀ ಇಟ್ಟು ಹಾಕಿದರೆ ಬೆಣ್ಣೆಯ ಹಾಗೆ ಸ್ಟಾರ್ಟ್ ಆಗುತ್ತದೆ. ಹಗಲಲ್ಲಿ ಓಡಿಸಿದರೆ ಹೇಗೋ ನಡೆಯುತ್ತದೆ. ಹೆಡ್‌ಲೈಟ್ ಹಾಕಿ ಒಂದು ರಾತ್ರಿ ಸುತ್ತಾಡಿ ಬಂದರೆ ಮರುದಿನ ಬೆಳಿಗ್ಗೆ ಸೆಲ್ಫ್ ಒತ್ತಿದಾಗ ಬರೀ ಟಕ್ ಟಕ್. ಗೊತ್ತಿದ್ದವರಲ್ಲಿ ಅರ್ಧ ಜನ ಕಾಯಿಲ್ ಸುಟ್ಟಿದೆ ಅಂತಾರೆ, ಇನ್ನರ್ಧ ರೆಗ್ಯುಲೇಟರ್ ಬದಲಾಯಿಸು ಅಂತಾರೆ. ಎರಡೂ ಕಮ್ಮಿ ಖರ್ಚಿನ ಮಾತಲ್ಲ. ಯಾವುದರಿಂದ ಶುರು ಮಾಡಲಿ?

ಮೂರುಹಳದಿ

ರೆಗ್ಯುಲೇಟರ್. ಆ ಕಾಲದ ಗಾಡಿಗಳಲ್ಲಿ ನೂರಕ್ಕೆ ತೊಂಬತ್ತು ಸಲ ಅದೇ. ಬಿಚ್ಚಿ ಹೊಸದು ಹಾಕಿ, ಮುಗೀತು.

ಕಿಕ್ಕರ್

ಇಷ್ಟೆಲ್ಲ ಯಾಕೆ? ಗಾಡಿ ಸ್ಟಾರ್ಟ್ ಮಾಡಿ, ರೇಸ್ ಕೊಟ್ಟು ಬ್ಯಾಟರಿಯ ಒಂದು ಟರ್ಮಿನಲ್ ತೆಗೆಯಿರಿ. ಗಾಡಿ ಓಡುತ್ತಲೇ ಇದ್ದರೆ ಚಾರ್ಜಿಂಗ್ ಸರಿ ಇದೆ, ನಿಂತರೆ ಇಲ್ಲ. ನಾವು ಮೊದಲಿಂದಲೂ ಹೀಗೇ ನೋಡ್ತಿದ್ವಿ.

ತಂತಿಜಾಲ

ಕಿಕ್ಕರ್ ಅಣ್ಣ, ದಯವಿಟ್ಟು ಅದನ್ನು ಯಾರಿಗೂ ಹೇಳಬೇಡಿ. ಓಡುವ ಎಂಜಿನ್‌ನಲ್ಲಿ ಬ್ಯಾಟರಿ ಕಳಚಿದರೆ ವೋಲ್ಟೇಜ್ ಹಿಡಿದಿಡುವವರೇ ಇರುವುದಿಲ್ಲ. ಒಂದು ಕ್ಷಣ ಮೇಲಕ್ಕೆ ಚಿಮ್ಮಿತೆಂದರೆ ಸಿಡಿಐ (ಸ್ಪಾರ್ಕ್ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ), ಮೀಟರ್ ಬಲ್ಬು, ರೆಗ್ಯುಲೇಟರ್, ಯಾವುದು ಬೇಕಾದರೂ ಹೋಗಬಹುದು. ಸಿಡಿಐ ಬದಲು ಪ್ಲಾಟಿನಂ ಪಾಯಿಂಟ್ ಇದ್ದ ಹಳೆ ಗಾಡಿಗಳಲ್ಲಿ ಹಾಳಾಗಲು ಹೆಚ್ಚೇನೂ ಇರಲಿಲ್ಲ, ಅಲ್ಲಿ ನಡೀತು. ಇಲ್ಲಿ ಬೇಡ.

ಹಳೇಟ್ವಿನ್ ಅವರೇ, ಏನನ್ನೂ ಬದಲಾಯಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಮೀಟರ್ ಒಳಗಿನ ಸೆಲ್ ಹೊಸದಿರಲಿ. ಸೆಲ್ ಇಳಿದಿದ್ದರೆ ಅಗ್ಗದ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ವೋಲ್ಟ್ ತೋರಿಸುತ್ತವೆ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. 12.6ರ ಮೇಲಿದ್ದರೆ ಸರಿ. 12.4 ಅಂದರೆ ಮುಕ್ಕಾಲು. 12ರ ಹತ್ತಿರ ಬಂದರೆ ಖಾಲಿ ಅಂತಲೇ ಲೆಕ್ಕ. ಆಮೇಲೆ ಸೆಲ್ಫ್ ಒತ್ತುತ್ತಾ ನೋಡಿ, 9.5ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಹೊಸದಾದರೂ ಬ್ಯಾಟರಿಯದೇ ತಪ್ಪು, ಮುಂದೆ ಹೋಗಿ ಪ್ರಯೋಜನವಿಲ್ಲ.

ಅದಾದ ಮೇಲೆ ಎಂಜಿನ್ ಬಿಸಿಯಾಗಲಿ. ಹೆಡ್‌ಲೈಟ್ ಹಾಕಿ, 4000 ಆರ್‌ಪಿಎಂನಲ್ಲಿ ಹಿಡಿದು ಬ್ಯಾಟರಿ ಟರ್ಮಿನಲ್ ಮೇಲೇ ಅಳೆಯಿರಿ. 13.8ರಿಂದ 14.5ರ ಒಳಗೆ ಬರಬೇಕು. ಏನು ಬಂತು ಅಂತ ಇಲ್ಲಿ ಬರೆಯಿರಿ, ಅದನ್ನು ನೋಡಿಕೊಂಡು ಮುಂದೆ ಹೋಗೋಣ.

ಹಳೇಟ್ವಿನ್

ಅಳೆದೆ ಸರ್. ಸುಮ್ನೆ ಇಟ್ಟಾಗ 12.7. ಸೆಲ್ಫ್ ಒತ್ತಿದಾಗ 10.6. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್ ಹಾಕಿದರೆ 12.3. 4000ದಲ್ಲಿ 13.1, ಅದಕ್ಕಿಂತ ಮೇಲೆ ಎಷ್ಟೇ ರೇಸ್ ಕೊಟ್ಟರೂ ಏರುವುದಿಲ್ಲ. ಹೆಡ್‌ಲೈಟ್ ಆರಿಸಿದರೆ 13.6ರವರೆಗೆ ಹೋಗುತ್ತದೆ.

ಮೂರುಹಳದಿ

ನೋಡಿ, ನಾನು ಹೇಳಲಿಲ್ವಾ? ಚಾರ್ಜ್ ಆಗ್ತಿದೆ, ಆದರೆ ಸಾಲ್ತಿಲ್ಲ. ಒಂದೋ ರೆಗ್ಯುಲೇಟರ್‌ನ ಒಂದು ಡಯೋಡ್ ಹೋಗಿದೆ, ಇಲ್ಲಾಂದ್ರೆ ಮೂರರಲ್ಲಿ ಒಂದು ಫೇಸ್ ಸತ್ತಿದೆ.

ತಂತಿಜಾಲ

ಇರಬಹುದು. ಹಾಗಾದರೆ ಮೊದಲು ಕಾಯಿಲ್ ಸರಿ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಿಬಿಡೋಣ.

ರೆಗ್ಯುಲೇಟರ್‌ಗೆ ಹೋಗುವ ಮೂರು ಹಳದಿ ವೈರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಳಚಿ. ಕಳಚುವಾಗ ಅದರ ಮುಖ ನೋಡಿ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಎಂಜಿನ್ ಆಫ್ ಇರಲಿ, ಮೀಟರನ್ನು ಓಮ್‌ಗೆ ತಿರುಗಿಸಿ. ಮೊದಲು ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ, ಅದು ಪ್ರೋಬ್ ವೈರಿನದೇ ರೆಸಿಸ್ಟೆನ್ಸ್. ಬಂದ ಅಂಕಿಯಿಂದ ಅದನ್ನು ಕಳೆಯಬೇಕು. ಯಾವ ಎರಡು ಹಳದಿ ವೈರಿನ ನಡುವೆಯೂ ಒಂದು ಓಮ್‌ಗಿಂತ ಕಮ್ಮಿ, ಮೂರು ಜೋಡಿಯಲ್ಲೂ ಹತ್ತಿರ ಹತ್ತಿರ ಒಂದೇ ಬರಬೇಕು. ಯಾವ ಹಳದಿಗೂ ಎಂಜಿನ್ ಬಾಡಿಗೂ ಸಂಪರ್ಕ ಇರಬಾರದು. ಇದ್ದರೆ ಕಾಯಿಲ್ ಒಳಗೆ ಅರ್ಥ್ ಆಗಿದೆ.

ಆಮೇಲೆ ಸ್ಟಾರ್ಟ್ ಮಾಡಿ. ಕಪ್ಲರ್ ಕಳಚಿಯೇ ಇರಲಿ, ಬ್ಯಾಟರಿಯಿಂದ ಗಾಡಿ ಓಡುತ್ತದೆ. ಮೀಟರ್ ಎಸಿ ವೋಲ್ಟ್‌ಗೆ. 5000 ಆರ್‌ಪಿಎಂನಲ್ಲಿ ಮೂರು ಜೋಡಿ ಅಳೆಯಿರಿ. ಈ ಥರದ ಗಾಡಿಗಳಲ್ಲಿ ಸಾಮಾನ್ಯವಾಗಿ 50 ದಾಟಬೇಕು, ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಸರಿಯಾದ ಅಂಕಿ ಇರುತ್ತದೆ. ಎಷ್ಟು ಬಂತು ಅನ್ನುವುದಕ್ಕಿಂತ ಮೂರೂ ಸಮ ಇವೆಯಾ ಅನ್ನುವುದು ಮುಖ್ಯ. ಎರಡು ಜೋಡಿ ಕಮ್ಮಿ, ಒಂದು ಮಾತ್ರ ಸರಿ ಬಂದರೆ ಆ ಎರಡು ಜೋಡಿಯಲ್ಲೂ ಇರುವ ವೈರಿನ ಕಡೆಯೇ ತೊಂದರೆ.

ಬೆರಳು ದೂರ ಇರಲಿ. ಅಲ್ಲಿ ಹೊಡೆಯುವಷ್ಟು ಕರೆಂಟ್ ಇರುತ್ತದೆ.

ಸಣ್ಣಗಾಡಿ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು 100 ಸಿಸಿ. ಹೆಡ್‌ಲೈಟ್ ರೇಸ್ ಕೊಟ್ಟಾಗ ಜೋರಾಗಿ, ಬಿಟ್ಟಾಗ ಮಂಕಾಗಿ ಉರಿಯುತ್ತದೆ. ನನಗೆ ಮೂರು ಹಳದಿ ವೈರೇ ಕಾಣ್ತಿಲ್ಲ. ಇದೇ ಟೆಸ್ಟ್ ನಡೆಯುತ್ತಾ?

ತಂತಿಜಾಲ

ನಡೆಯಲ್ಲ. ನಿಮ್ಮದು ಬೇರೆ ವ್ಯವಸ್ಥೆ. ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯದೆ ನೇರ ಕಾಯಿಲ್‌ನ ಎಸಿಯಲ್ಲಿ ಉರಿಯುತ್ತದೆ, ಅದಕ್ಕೇ ರೇಸ್ ಜೊತೆ ಏರಿಳಿಯುತ್ತದೆ. ಬ್ಯಾಟರಿಗೆ ಹೋಗುವುದು ಎಸಿಯ ಅರ್ಧ ಅಲೆ ಮಾತ್ರ, ಅಂದರೆ ಹಾರ್ನ್‌ಗೆ, ಇಂಡಿಕೇಟರ್‌ಗೆ ಸಾಕಾಗುವಷ್ಟು. ಅಲ್ಲಿಗೆ ದೊಡ್ಡ ಹಾರ್ನ್, ಹೆಚ್ಚುವರಿ ಲೈಟ್ ಹಾಕಿದರೆ ಕಾಯಿಲ್ ಎಷ್ಟೇ ಒಳ್ಳೆಯದಿದ್ದರೂ ಬ್ಯಾಟರಿ ಇಳಿದೇ ಇಳಿಯುತ್ತದೆ. ನಿಮ್ಮದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತವೆ.

ಬಾಕ್ಸರ್‌ಪ್ರಿಯ

ಇದೇ ಮಾತಿಗೆ ಒಂದು ಸೇರಿಸುತ್ತೇನೆ, ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಉಪಯೋಗವಾದೀತು. ಹಳೆಯ ಬಿಎಂಡಬ್ಲ್ಯೂ ಬಾಕ್ಸರ್‌ಗಳಲ್ಲಿ (ಎರಡು ಸಿಲಿಂಡರ್ ಎದುರುಬದುರು ಇರುವ ಗಾಡಿಗಳು) ಕರೆಂಟ್ ಹುಟ್ಟಿಸುವ ಕಡೆ ಮ್ಯಾಗ್ನೆಟ್ಟೇ ಇಲ್ಲ. ಒಳಗೆ ತಿರುಗುವ ರೋಟರ್‌ಗೆ ಬ್ರಷ್ ಮೂಲಕ ಕರೆಂಟ್ ಕೊಟ್ಟು ಅದನ್ನೇ ಮ್ಯಾಗ್ನೆಟ್ ಮಾಡಬೇಕು. ಆ ಮೊದಲ ಕರೆಂಟ್ ಹೋಗುವುದು ಮೀಟರಿನ ಕೆಂಪು ಚಾರ್ಜಿಂಗ್ ಬಲ್ಬಿನ ಮೂಲಕ. ಕೀ ಆನ್ ಮಾಡಿದಾಗ ಆ ಬಲ್ಬ್ ಉರಿಯದಿದ್ದರೆ ಮೊದಲು ಬಲ್ಬ್ ನೋಡಿ. ಒಂದು ಪುಟ್ಟ ಬಲ್ಬ್ ಹೋಗಿದ್ದಕ್ಕೆ ಇಡೀ ಆಲ್ಟರ್ನೇಟರ್ ಕಳಚಿದವರಿದ್ದಾರೆ.

ಇನ್ನು ಲ್ಯೂಕಾಸ್ ಕಂಪನಿಯ ವೈರಿಂಗ್‌ನ ಹಳೆ ಬ್ರಿಟಿಷ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿಯ ಪ್ಲಸ್ಸೇ ಬಾಡಿಗೆ ಅರ್ಥ್. ಅಭ್ಯಾಸಬಲದಿಂದ ಮೈನಸ್ ಬಾಡಿಗೆ ಕೊಟ್ಟರೆ ರೆಕ್ಟಿಫೈಯರ್ ಕೆಟ್ಟುಹೋಗುತ್ತದೆ.

ಹಳೇಟ್ವಿನ್

ಕಾಯಿಲ್ ಫಲಿತಾಂಶ. ಮೂರು ಜೋಡಿಗೂ 0.4 ಓಮ್, ಪ್ರೋಬ್‌ನದು ಕಳೆದ ಮೇಲೆ. ಬಾಡಿಗೆ ಮುಟ್ಟಿಸಿದರೆ ಮೀಟರ್ ಓಎಲ್ ಅಂತ ತೋರಿಸಿತು, ಅಂದರೆ ಸಂಪರ್ಕವೇ ಇಲ್ಲ. 5000ದಲ್ಲಿ 62, 63, 62 ವೋಲ್ಟ್ ಎಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮತ್ತೆ ನೋಡಿದೆ, ಅಷ್ಟೇ ಬಂತು. ಕಪ್ಲರ್ ಸ್ವಲ್ಪ ಮಾಸಿದೆ, ಸುಟ್ಟಿಲ್ಲ.

ಮೂರುಹಳದಿ

ಬಿಸಿಯಲ್ಲೂ ನೋಡಿದ್ದು ಒಳ್ಳೇದಾಯ್ತು. ತಣ್ಣಗಿದ್ದಾಗ ಸರಿ ತೋರಿಸಿ, ಕಾದ ಮೇಲೆ ವಾರ್ನಿಶ್ ಬಿಟ್ಟು ಶಾರ್ಟ್ ಆಗುವ ಕಾಯಿಲ್ ಬಹಳ ಇವೆ. ನಿಮ್ಮದು ಗಟ್ಟಿ. ಹಾಗಾದ್ರೆ ರೆಗ್ಯುಲೇಟರೇ. ಇನ್ನೇನು ಉಳೀತು ಹೇಳಿ?

ತಂತಿಜಾಲ

ಉಳಿದಿದೆ. ರೆಗ್ಯುಲೇಟರ್‌ನಿಂದ ಬ್ಯಾಟರಿವರೆಗಿನ ದಾರಿ ಉಳಿದಿದೆ. ಅದನ್ನು ಯಾರೂ ನೋಡುವುದಿಲ್ಲ.

ಹಳೇಟ್ವಿನ್, ರೆಗ್ಯುಲೇಟರ್ ಕಪ್ಲರ್ ಮತ್ತೆ ಜೋಡಿಸಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿರಲಿ, 4000 ಆರ್‌ಪಿಎಂ. ಮೀಟರ್ ಡಿಸಿ ವೋಲ್ಟ್‌ನಲ್ಲಿ. ಒಂದು ಪ್ರೋಬ್ ರೆಗ್ಯುಲೇಟರ್‌ನಿಂದ ಹೊರಡುವ ಕೆಂಪು ವೈರಿಗೆ, ಕಪ್ಲರ್ ಹಿಂದಿನಿಂದ ಚುಚ್ಚಿ. ಇನ್ನೊಂದು ಪ್ರೋಬ್ ಬ್ಯಾಟರಿಯ ಪ್ಲಸ್‌ಗೆ. ಹೌದು, ಪ್ಲಸ್‌ನಿಂದ ಪ್ಲಸ್‌ಗೇ. ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ಅದು ನೇರ ತೋರಿಸುತ್ತದೆ. 0.2, ಹೆಚ್ಚೆಂದರೆ 0.3 ಇರಬೇಕು. ಅದೇ ರೀತಿ ರೆಗ್ಯುಲೇಟರ್‌ನ ಅರ್ಥ್ ವೈರಿನಿಂದ ಬ್ಯಾಟರಿ ಮೈನಸ್‌ಗೂ ಅಳೆಯಿರಿ.

ಹಳೇಟ್ವಿನ್

ಆ ಕೆಂಪು ವೈರಿಗೆ ಎಂಜಿನ್ ಆಫ್ ಮಾಡಿ ಕಂಟಿನ್ಯುಟಿ (ಸಂಪರ್ಕ ಇದೆಯಾ ಅಂತ) ನೋಡಿದ್ದೆ ಸರ್, ಪೀಪ್ ಅಂತ ಚೆನ್ನಾಗೇ ಕೂಗಿತು. ಆದರೂ ಅಳೆಯಬೇಕಾ?

ತಂತಿಜಾಲ

ಖಂಡಿತ ಅಳೆಯಬೇಕು. ಪೀಪ್ ಸದ್ದನ್ನು ನಂಬಿ ಹಾಳಾದವರೇ ಜಾಸ್ತಿ. ಆ ಟೆಸ್ಟ್‌ನಲ್ಲಿ ಮೀಟರ್ ಕಳಿಸುವುದು ಒಂದು ಮಿಲಿಆಂಪ್ ಆಸುಪಾಸು ಕರೆಂಟ್. ವೈರಿನ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ ಅದು ಪೀಪ್ ಅನ್ನುತ್ತದೆ. ಎಷ್ಟೋ ಮೀಟರ್‌ಗಳು 30 ಓಮ್ ಇದ್ದರೂ ಪೀಪ್ ಅನ್ನುತ್ತವೆ. ನಮ್ಮ ದಾರಿಯಲ್ಲಿ ಹರಿಯಬೇಕಾದ್ದು ಎಂಟು ಹತ್ತು ಆಂಪ್. ಆ ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಸತ್ಯ ಹೊರಬೀಳುತ್ತದೆ. ಇಕ್ಕಟ್ಟು ಗಲ್ಲಿಯಲ್ಲಿ ಸೈಕಲ್ ಹೋಯ್ತು ಅಂತ ಲಾರಿ ಹೋಗುತ್ತಾ?

ನೀರುಬ್ಯಾಟರಿ

ಇದೇ ಚರ್ಚೆಯಲ್ಲಿ ನನ್ನದೂ ಕೇಳಿಬಿಡ್ತೀನಿ, ಆದರೆ ನನ್ನದು ಉಲ್ಟಾ. ಬ್ಯಾಟರಿ ಮೇಲೆ 15.6 ವೋಲ್ಟ್ ಬರ್ತಿದೆ. ಸೀಟ್ ಎತ್ತಿದರೆ ಆಸಿಡ್ ವಾಸನೆ. ಡಿಸ್ಟಿಲ್ಡ್ ವಾಟರ್ ಎಷ್ಟು ಹಾಕಿದರೂ ಬೇಗ ಇಳಿದುಹೋಗುತ್ತೆ. ಹೊಸ ರೆಗ್ಯುಲೇಟರ್ ಹಾಕಿದೆ, ಅದರಲ್ಲೂ ಅಷ್ಟೇ ಬರ್ತಿದೆ. ಬ್ಯಾಟರಿಯದೇ ದೋಷನಾ?

ತಂತಿಜಾಲ

ನಿಮ್ಮ ರೆಗ್ಯುಲೇಟರ್‌ನಲ್ಲಿ ಮೂರು ಹಳದಿ, ಒಂದು ಕೆಂಪು, ಒಂದು ಹಸಿರು ಬಿಟ್ಟು ಇನ್ನೊಂದು ತೆಳು ಕಪ್ಪು ವೈರ್ ಇದೆಯಾ?

ನೀರುಬ್ಯಾಟರಿ

ಇದೆ ಸರ್. ಕೀ ಆನ್ ಮಾಡಿದಾಗ ಮಾತ್ರ ಅದರಲ್ಲಿ ಕರೆಂಟ್ ಬರುತ್ತೆ.

ತಂತಿಜಾಲ

ಹಾಗಾದರೆ ಬ್ಯಾಟರಿಯನ್ನು ಬಯ್ಯಬೇಡಿ. ಅದು ಸೆನ್ಸ್ ವೈರ್. ಬ್ಯಾಟರಿ ಎಷ್ಟಿದೆ ಅಂತ ರೆಗ್ಯುಲೇಟರ್ ನೋಡುವುದು ಆ ವೈರಿನಲ್ಲೇ. ಆದರೆ ಅದು ನೇರ ಬ್ಯಾಟರಿಯಿಂದ ಬರುವುದಿಲ್ಲ. ಫ್ಯೂಸ್, ಕೀ ಸ್ವಿಚ್, ಹಳೇ ಕಪ್ಲರ್‌ಗಳನ್ನೆಲ್ಲ ಸುತ್ತಿಕೊಂಡು ಬರುತ್ತದೆ. ಕೀ ಸ್ವಿಚ್ ಸವೆದಿದ್ದರೆ ಅಲ್ಲೇ ಒಂದು ವೋಲ್ಟ್ ಬೀಳುತ್ತದೆ. ಬ್ಯಾಟರಿ ಮೇಲೆ 15.6 ಇದ್ದರೂ ರೆಗ್ಯುಲೇಟರ್‌ಗೆ ಕಾಣುವುದು 14.5. ಎಲ್ಲ ಸರಿ ಇದೆ ಅಂದುಕೊಂಡು ಅದು ಇನ್ನೂ ತಳ್ಳುತ್ತದೆ. ಹೊಸ ರೆಗ್ಯುಲೇಟರ್‌ಗೂ ಕಾಣುವುದು ಅದೇ ಸುಳ್ಳು ಅಂಕಿ, ಅದಕ್ಕೇ ಬದಲಾಯಿಸಿದರೂ ವ್ಯತ್ಯಾಸ ಆಗಲಿಲ್ಲ.

ಎಂಜಿನ್ ಓಡುವಾಗ ಬ್ಯಾಟರಿ ಪ್ಲಸ್‌ನಿಂದ ಆ ಕಪ್ಪು ವೈರಿಗೆ ಅಳೆಯಿರಿ. ಒಂದು ವೋಲ್ಟ್ ಆಸುಪಾಸು ಬಂದರೆ ಒಂದು ಚಿಕ್ಕ ನಾಲ್ಕು ಕಾಲಿನ ರಿಲೇ ತಗೊಳ್ಳಿ. ಗಾಡಿ ಕಡೆಯಿಂದ ಬರುವ ಕಪ್ಪು ವೈರ್ ರಿಲೇಯ ಕಾಯಿಲ್‌ಗೆ, ಅದರ ಇನ್ನೊಂದು ತುದಿ ಅರ್ಥ್‌ಗೆ. ಬ್ಯಾಟರಿ ಪ್ಲಸ್‌ನಿಂದ ಚಿಕ್ಕ ಫ್ಯೂಸ್ ಹಾಕಿ ಒಂದು ವೈರ್ ರಿಲೇಗೆ ತನ್ನಿ, ಅಲ್ಲಿಂದ ರೆಗ್ಯುಲೇಟರ್ ಕಡೆಯ ಕಪ್ಪು ವೈರಿಗೆ ಕೊಡಿ. ಕೀ ಆನ್ ಆದಾಗ ರಿಲೇ ಎಳೆಯುತ್ತದೆ, ರೆಗ್ಯುಲೇಟರ್‌ಗೆ ಬ್ಯಾಟರಿಯ ನಿಜವಾದ ವೋಲ್ಟ್ ಕಾಣುತ್ತದೆ.

ಇದು ಬಗೆಹರಿಯುವವರೆಗೆ ಲಿಥಿಯಂ ಬ್ಯಾಟರಿ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. 15 ದಾಟಿದರೆ ಅದಕ್ಕೆ ಅಪಾಯ.

ಹಳೇಟ್ವಿನ್

ಸರ್, ಸಿಕ್ಕಿತು ಅನ್ನಿಸುತ್ತೆ. ಪ್ಲಸ್‌ನಿಂದ ಪ್ಲಸ್‌ಗೆ 0.9 ವೋಲ್ಟ್! ಅರ್ಥ್ ಕಡೆ 0.3. ರೆಗ್ಯುಲೇಟರ್‌ನ ಕೆಂಪಿನಿಂದ ಅದರದೇ ಅರ್ಥ್ ವೈರಿಗೆ ಅಳೆದರೆ 14.3 ಬರುತ್ತದೆ. ಅಂದರೆ ರೆಗ್ಯುಲೇಟರ್ ತನ್ನ ಕೆಲಸ ಮಾಡ್ತಿದೆ ಅಲ್ವಾ?

ತಂತಿಜಾಲ

ಮಾಡ್ತಿದೆ. 13.1ಕ್ಕೆ 0.9, 0.3 ಸೇರಿಸಿ. 14.3. ಲೆಕ್ಕ ಪೈಸೆಗೆ ಪೈಸೆ ಕೂಡಿತು. ರೆಗ್ಯುಲೇಟರ್ ನೋಡುವುದು ತನ್ನ ಬಾಗಿಲಲ್ಲಿರುವ ವೋಲ್ಟನ್ನು. ಅಲ್ಲಿ 14.3 ಇದೆ, ಅದಕ್ಕೆ ಸಮಾಧಾನ. ಬ್ಯಾಟರಿಗೆ ತಲುಪುವಷ್ಟರಲ್ಲಿ 1.2 ದಾರಿಯಲ್ಲೇ ಉರಿದುಹೋಗಿದೆ. ಹೆಡ್‌ಲೈಟ್ ಆರಿಸಿದಾಗ ಏರಿದ್ದೂ ಅದಕ್ಕೇ. ಕರೆಂಟ್ ಕಮ್ಮಿಯಾದರೆ ಬೀಳುವುದೂ ಕಮ್ಮಿ.

ಈಗ ಒಂದು ಪ್ರೋಬ್ ಬ್ಯಾಟರಿ ಪ್ಲಸ್ ಮೇಲೆ ಹಾಗೇ ಇಟ್ಟು, ಇನ್ನೊಂದನ್ನು ರೆಗ್ಯುಲೇಟರ್‌ನಿಂದ ಬ್ಯಾಟರಿ ಕಡೆಗೆ ಒಂದೊಂದೇ ಜಾಯಿಂಟ್ ದಾಟಿಸುತ್ತಾ ಬನ್ನಿ. ಎಲ್ಲಿ ಅಂಕಿ ಧಡಕ್ಕನೆ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ನಿಮ್ಮ ಕಾಲದ ಗಾಡಿಗಳಲ್ಲಿ ಚಾರ್ಜಿಂಗ್ ಕರೆಂಟ್ ಸಾಮಾನ್ಯವಾಗಿ ಮೇನ್ ಫ್ಯೂಸ್ ಮೂಲಕವೇ ಬರುತ್ತದೆ. ಸ್ಟಾರ್ಟರ್ ರಿಲೇ ಪಕ್ಕ ನೋಡಿ.

ಮೂರುಹಳದಿ

ಸರಿ, ಒಪ್ಪಿದೆ, ರೆಗ್ಯುಲೇಟರ್ ಅಲ್ಲ. ಆದರೂ ಒಂದು ಮಾತು. ಹೆಡ್‌ಲೈಟ್ ಎಲ್‌ಇಡಿ ಮಾಡಿಸಿಬಿಡಿ. ಲೋಡ್ ಕಮ್ಮಿಯಾಗುತ್ತೆ, ಕಾಯಿಲ್ ತಣ್ಣಗಿರುತ್ತೆ, ಬಾಳಿಕೆ ಬರುತ್ತೆ.

ತಂತಿಜಾಲ

ಮೊದಲರ್ಧ ಸರಿ, ಎರಡನೆಯದು ತಪ್ಪು ಗುರು. ಈ ಗಾಡಿಯಲ್ಲಿರುವುದು ಶಂಟ್ ರೆಗ್ಯುಲೇಟರ್. ಜಾಸ್ತಿಯಾದ ಕರೆಂಟನ್ನು ಅದು ನಿಲ್ಲಿಸುವುದಿಲ್ಲ, ಶಾರ್ಟ್ ಮಾಡಿ ವಾಪಸ್ ಕಾಯಿಲ್‌ಗೇ ತಿರುಗಿಸುತ್ತದೆ. ನೀವು ಲೈಟ್ ಹಾಕಿ, ಬಿಡಿ, ಕಾಯಿಲ್‌ನಲ್ಲಿ ಹೆಚ್ಚುಕಮ್ಮಿ ಅದರ ಪೂರ್ತಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಎಲ್‌ಇಡಿ ಹಾಕಿದರೆ ಬ್ಯಾಟರಿಗೆ ಜಾಸ್ತಿ ಉಳಿಯುತ್ತದೆ ನಿಜ. ಆದರೆ ಕಾಯಿಲ್ ತಣ್ಣಗಾಗುವುದಿಲ್ಲ, ರೆಗ್ಯುಲೇಟರ್ ಇನ್ನೂ ಬಿಸಿಯಾಗುತ್ತದೆ.

ಕಾಯಿಲ್ ತಣ್ಣಗಿರಬೇಕೆಂದರೆ ಸೀರೀಸ್ ರೆಗ್ಯುಲೇಟರ್ ಬೇಕು, ಶಿಂಡೆನ್‌ಗೆನ್ ಕಂಪನಿಯ ಎಸ್‌ಎಚ್847 ಥರದ್ದು. ಬೇಡವಾದಾಗ ಅದು ಸರ್ಕ್ಯೂಟನ್ನೇ ಕತ್ತರಿಸುತ್ತದೆ. ಅದೇ ಕಂಪನಿಯ ಎಫ್‌ಎಚ್020 ಮಾಸ್‌ಫೆಟ್ (ಒಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಆದರೂ ಶಂಟೇ. ತಾನು ಕಮ್ಮಿ ಬಿಸಿಯಾಗುತ್ತದೆ ಅಷ್ಟೇ, ಕಾಯಿಲ್‌ಗೆ ಅದರಿಂದ ಲಾಭವಿಲ್ಲ. ಎರಡನ್ನೂ ಒಂದೇ ಅಂತ ಮಾರುವವರಿದ್ದಾರೆ.

ಮೂರುಹಳದಿ

ಹಾಗಾದ್ರೆ ಎಲ್ಲರೂ ಸೀರೀಸ್ ಯಾಕೆ ಹಾಕಲ್ಲ?

ತಂತಿಜಾಲ

ಸರ್ಕ್ಯೂಟ್ ಕತ್ತರಿಸಿದಾಗ ಕಾಯಿಲ್‌ನ ಖಾಲಿ ವೋಲ್ಟೇಜ್ ಪೂರ್ತಿ ಅದರ ಮೇಲೆ ಬೀಳುತ್ತದೆ, ಜೋರು ಆರ್‌ಪಿಎಂನಲ್ಲಿ ನೂರು ದಾಟಬಹುದು. ಅದನ್ನು ತಡೆಯುವ ಪಾರ್ಟ್ಸ್ ದುಬಾರಿ. ಡಬ್ಬಿಯೂ ದೊಡ್ಡದು, ಹಳೆ ಜಾಗದಲ್ಲಿ ಕೂರುವುದಿಲ್ಲ.

ಕಿಕ್ಕರ್

ನನ್ನದೊಂದು ಪ್ರಶ್ನೆ. ಓಡುವಾಗ 14.2 ಸರಿಯಾಗಿ ಬರುತ್ತೆ, ಆದರೆ ವಾರ ನಿಲ್ಲಿಸಿದರೆ ಬ್ಯಾಟರಿ ಸತ್ತಿರುತ್ತೆ. ಟರ್ಮಿನಲ್ ತೆಗೆಯುವ ಉಪಾಯ ಬಿಟ್ಟು ಬೇರೆ ಹೇಳಪ್ಪ.

ತಂತಿಜಾಲ

ಈ ಸಲ ಟರ್ಮಿನಲ್ ತೆಗೆಯಲೇಬೇಕು ಅಣ್ಣ, ಆದರೆ ಎಂಜಿನ್ ಆಫ್ ಇದ್ದಾಗ. ಮೈನಸ್ ಕಳಚಿ. ಮೀಟರ್‌ನ ಕೆಂಪು ಪ್ರೋಬನ್ನು 10 ಆಂಪ್ ತೂತಿಗೆ ಹಾಕಿ, ಮೈನಸ್ ಟರ್ಮಿನಲ್ ಮತ್ತು ಕಳಚಿದ ಕೇಬಲ್ ನಡುವೆ ಮೀಟರ್ ಸೇರಿಸಿ. ಕೀ ಆಫ್. ಗಡಿಯಾರ ಇದ್ದರೆ ಕೆಲವೇ ಮಿಲಿಆಂಪ್ ಬರಬೇಕು, ಏನೂ ಇಲ್ಲದಿದ್ದರೆ ಸೊನ್ನೆ. ಜಾಸ್ತಿ ಬಂದರೆ ಮೊದಲು ರೆಗ್ಯುಲೇಟರ್ ಕಪ್ಲರ್ ಕಳಚಿ ನೋಡಿ. ಒಳಗಿನ ಡಯೋಡ್ ಸೋರುತ್ತಿದ್ದರೆ ಅಲ್ಲೇ ಅಂಕಿ ಇಳಿಯುತ್ತದೆ. ಇಳಿಯದಿದ್ದರೆ ಒಂದೊಂದೇ ಫ್ಯೂಸ್ ತೆಗೆಯಿರಿ. ಮೀಟರ್ ಸೇರಿಸಿರುವಾಗ ಮರೆತು ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಹಳೇಟ್ವಿನ್

ಕಳ್ಳ ಸಿಕ್ಕಿದ. ರೆಗ್ಯುಲೇಟರ್ ಕಪ್ಲರ್‌ನಲ್ಲಿ 0.1, ವೈರ್‌ಗಳಲ್ಲೆಲ್ಲ ಸೇರಿ 0.2, ಮೇನ್ ಫ್ಯೂಸ್ ಹೋಲ್ಡರ್ ಒಂದರಲ್ಲೇ 0.6! ಫ್ಯೂಸ್ ಹೊರಗೆ ಎಳೆದರೆ ಬೆರಳ ತುದಿಯಲ್ಲೇ ಸಲೀಸಾಗಿ ಬಂತು, ಹಿಡಿತವೇ ಇಲ್ಲ. ಫ್ಯೂಸಿನ ಒಂದು ಕಾಲಿನ ಹೊಳಪು ಹೋಗಿ ನೀಲಿಗಪ್ಪಾಗಿದೆ. ಆ ಕಡೆಯ ಪ್ಲಾಸ್ಟಿಕ್ ಕಂದಾಗಿ, ಅಂಚು ಸ್ವಲ್ಪ ಕರಗಿ ಒಳಕ್ಕೆ ಜರುಗಿದೆ. ಒಳಗಿನ ಕ್ಲಿಪ್ ಬಾಯಿ ತೆರೆದುಕೊಂಡು ನಿಂತಿದೆ. ಮೇಲಿನಿಂದ ನೋಡಿದರೆ ಮಾತ್ರ ಏನೂ ಕಾಣಲ್ಲ, ಮುಚ್ಚಳ ಹೊಸದರ ಹಾಗಿದೆ.

ಕ್ಲಿಪ್ಪನ್ನು ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿದರೆ ಸಾಕಾ?

ತಂತಿಜಾಲ

ಮನೆ ಸೇರಲು ಸಾಕು, ಆಮೇಲೆ ಬೇಡ. ಎಂಟು ಆಂಪ್‌ಗೆ 0.6 ವೋಲ್ಟ್ ಅಂದರೆ ಸುಮಾರು ಐದು ವ್ಯಾಟ್ ಶಾಖ, ಅದೂ ಅಷ್ಟು ಚಿಕ್ಕ ಜಾಗದಲ್ಲಿ. ಒಮ್ಮೆ ಹಾಗೆ ಕಾದ ಕ್ಲಿಪ್‌ಗೆ ಸ್ಪ್ರಿಂಗ್ ಗುಣ ಹೋಗಿರುತ್ತದೆ. ಇವತ್ತು ಬಿಗಿ ಮಾಡಿದರೆ ನಾಲ್ಕು ಸಲ ಕಾದ ಮೇಲೆ ಮತ್ತೆ ಸಡಿಲ. ಹೋಲ್ಡರ್ ಬದಲಾಯಿಸಿ. ವೈರಿನ ತುದಿಯ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ಕಪ್ಪು ತಾಮ್ರಕ್ಕೆ ಬೆಸುಗೆಯೂ ಹಿಡಿಯಲ್ಲ, ಕ್ರಿಂಪೂ ನಿಲ್ಲಲ್ಲ.

ಅರ್ಥ್ ಕಡೆಯ 0.3 ಮರೆಯಬೇಡಿ. ರೆಗ್ಯುಲೇಟರ್ ಅರ್ಥ್ ವೈರ್ ಫ್ರೇಮ್‌ಗೆ ಸೇರುವ ಬೋಲ್ಟ್ ಕಳಚಿ, ಪೇಂಟ್ ಕೆರೆದು ಲೋಹ ಕಾಣುವಂತೆ ಮಾಡಿ ಬಿಗಿ ಮಾಡಿ. ಫ್ರೇಮ್‌ಗೆ ಹೊಸ ಪೇಂಟ್ ಹೊಡೆಸಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಹಳೇಟ್ವಿನ್

ಹೋಲ್ಡರ್ ಹೊಸದು ಹಾಕಿದೆ, ಕಪ್ಲರ್ ಪಿನ್ ತೊಳೆದೆ, ಅರ್ಥ್ ಬೋಲ್ಟ್ ಕೆರೆದೆ. ನಿಜವಾಗಲೂ ಅಡಿಯಲ್ಲಿ ದಪ್ಪ ಪೇಂಟ್ ಇತ್ತು! ಈಗ ಪ್ಲಸ್ ಕಡೆ 0.2, ಅರ್ಥ್ ಕಡೆ 0.05. ಬ್ಯಾಟರಿ ಮೇಲೆ ಹೆಡ್‌ಲೈಟ್ ಹಾಕಿ 14.0. ರಾತ್ರಿ ಓಡಿಸಿ ಬಂದು ಬೆಳಿಗ್ಗೆ ನೋಡಿದರೆ 12.7, ಸೆಲ್ಫ್ ಒಂದೇ ಒತ್ತಿಗೆ ಎತ್ತಿತು. ಐಡ್ಲಿಂಗ್‌ನಲ್ಲಿ ಮಾತ್ರ ಇನ್ನೂ 12.9 ಅಷ್ಟೇ. ಅದು ಪರವಾಗಿಲ್ವಾ?

ಮೂರುಹಳದಿ

ಪರವಾಗಿಲ್ಲ. ಈ ಕಾಲದ ಕಾಯಿಲ್‌ಗಳು ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್‌ಗೆ ಸಾಕಾಗುವಷ್ಟು ಕೊಟ್ಟರೆ ಅದೇ ಹೆಚ್ಚು. ಸಿಗ್ನಲ್‌ನಲ್ಲಿ ತುಂಬಾ ಹೊತ್ತು ನಿಂತರೆ ಎಂಜಿನ್ ಆಫ್ ಮಾಡಿದರೆ ಹೆಡ್‌ಲೈಟನ್ನೂ ಆರಿಸಿ, ಅಷ್ಟೇ.

ನೀರುಬ್ಯಾಟರಿ

ನನ್ನದೂ ಹೇಳಿಬಿಡ್ತೀನಿ. ಕಪ್ಪು ವೈರಿನಲ್ಲಿ 1.1 ಬೀಳ್ತಿತ್ತು. ರಿಲೇ ಹಾಕಿದೆ, ಈಗ 14.5ರಲ್ಲಿ ನಿಂತಿದೆ. ಹಳೇ ರೆಗ್ಯುಲೇಟರನ್ನೇ ವಾಪಸ್ ಹಾಕಿ ನೋಡಿದೆ, ಅದರಲ್ಲೂ 14.5! ಹೊಸದು ಈಗ ಡಬ್ಬಿಯಲ್ಲಿ ಸ್ಪೇರ್ ಆಗಿ ಕೂತಿದೆ. ಆದರೆ ಬ್ಯಾಟರಿಯ ಒಂದು ಸೆಲ್‌ನಲ್ಲಿ ಪ್ಲೇಟ್ ಬೆಳ್ಳಗಾಗಿದೆ, ಅದನ್ನು ಉಳಿಸಬಹುದಾ?

ತಂತಿಜಾಲ

ಆ ಬ್ಯಾಟರಿ ಕಥೆ ಮುಗೀತು. ನೀರಿಲ್ಲದೆ ಒಣಗಿದ ಪ್ಲೇಟ್ ವಾಪಸ್ ಬರಲ್ಲ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ಅಳೆಯಿರಿ. 10.5ರ ಹತ್ತಿರ ಬಂದರೆ ಒಂದು ಸೆಲ್ ಹೋಗಿದೆ ಅಂತ ಖಾತ್ರಿ.

ಹಳೇಟ್ವಿನ್, ಹೊಸ ಹೋಲ್ಡರ್‌ಗೆ ಎಷ್ಟರ ಫ್ಯೂಸ್ ಹಾಕಿದಿರಿ?

ಹಳೇಟ್ವಿನ್

ಮೊದಲಿದ್ದ 30ರದ್ದೇ. ಒಬ್ಬರು 40 ಹಾಕಿದರೆ ಬಿಸಿಯಾಗಲ್ಲ ಅಂದರು.

ತಂತಿಜಾಲ

30ರದ್ದೇ ಇರಲಿ. ಅಲ್ಲಿ ಬಿಸಿಯಾಗಿದ್ದು ಸಡಿಲ ಕ್ಲಿಪ್, ಫ್ಯೂಸ್ ಅಲ್ಲ. 40 ಹಾಕಿದರೆ ಮುಂದೆ ಎಲ್ಲಾದರೂ ಶಾರ್ಟ್ ಆದಾಗ ಫ್ಯೂಸ್ ಉಳಿದು ವೈರಿಂಗ್ ಉರಿಯುತ್ತದೆ.